ಉಪ್ಪಿನ ಮೇಲಿನ ಕಿಡಿ

ಫೆಬ್ರವರಿ 4

ಪ್ರೀತಿಯ ಇರುವೆಗೆ,

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಇಲ್ಲಿ ನಿನ್ನ ಭಾವನ ಕಾರ್ಖಾನೆಯಲ್ಲಿ ಕರಗಿಸುತ್ತಾರಲ್ಲ, ಆ ಉಪ್ಪು, ಅದು ನನ್ನ ಒಲೆಯ ಮೇಲೆ ಹಾಲಿನ ಪಾತ್ರೆಯಲ್ಲಿ ಕುದಿಯುತ್ತಿತ್ತು. ನಿನ್ನ ಭಾವ ಬರಿಗೈಯನ್ನು ಮೊಣಕೈವರೆಗೆ ಇಳಿಸಿ ತಿರುವುತ್ತಿದ್ದರು. ಕಿರುಚೋಣವೆಂದರೆ ನನಗೆ ದನಿಯೇ ಇಲ್ಲ. ನೀನು ಪಕ್ಕದಲ್ಲಿ ನಿಂತು ಪಾತ್ರೆಗೆ ಟಾರ್ಚ್ ಬಿಟ್ಟು, "ಏನೂ ಆಗಿಲ್ಲ ಕಣಕ್ಕ, ಎಲ್ಲಾ ಸರಿಯಾಗಿದೆ" ಎನ್ನುತ್ತಿದ್ದೆ. ಅವರು ಕೈ ಮೇಲೆತ್ತಿದರೆ ಅಲ್ಲಿ ಕೈಯಿರಲಿಲ್ಲ. ಕೈಯ ಆಕಾರದ ಉಪ್ಪಿತ್ತು.

ಎದ್ದು ನೋಡಿದರೆ ಮೈಯೆಲ್ಲ ಬೆವರು. ಅವರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು. ಎರಡೂ ಕೈ ಮುಟ್ಟಿ ನೋಡಿದೆ. "ಏನೇ ಇದು, ಕೈಗೆ ಬಳೆ ತೊಡಿಸ್ತೀಯಾ?" ಎಂದು ಬೈದು ಮಗ್ಗುಲಾದರು.

ಇದನ್ನು ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನು ಅರ್ಧ ಮರೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯದಕ್ಕೇ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೋ.

ಕಳೆದ ತಿಂಗಳು ನೀನು ಬಂದು ಕೂರಿಸಿ ಹೋದ ಲೇಸರ್ ಯಂತ್ರದ ವಿಷಯ ನನ್ನ ತಲೆಗೆ ಹತ್ತಿಲ್ಲ. ಆ ಬೆಳಕು ಸಿಡಿದರೆ? ಗಾಜು ದಾಟಿ ಬಂದರೆ? ನಿನ್ನ ಭಾವನನ್ನು ಕೇಳಿದರೆ, "ನಿನ್ನ ತಮ್ಮ ಬೆಳಕಿನ ಸಾಹೇಬ, ಅವನನ್ನೇ ಕೇಳು" ಎನ್ನುತ್ತಾರೆ. ಒಂದು ಮಾತು ಮಾತ್ರ ಅವರಿಗೆ ಹೇಳಿಟ್ಟಿದ್ದೇನೆ: "ಅದು ನನ್ನ ತಮ್ಮ ಮಾಡಿದ ಯಂತ್ರ, ಅದಕ್ಕೆ ಕೆಟ್ಟ ಹೆಸರು ಬಾರದ ಹಾಗೆ ನೋಡಿಕೊಳ್ಳಿ."

ನಾವಿಬ್ಬರೂ ಚೆನ್ನಾಗಿದ್ದೇವೆ. ಅವರಿಗೆ ಈಗ ಹೊಸ ಶೋಕಿ, ಎಡಗೈಯಲ್ಲಿ ತಲೆ ಬಾಚುತ್ತಾರೆ. ಬೈತಲೆ ನೋಡಿದರೆ ನಗು ಬರುತ್ತದೆ.

ನಿನ್ನ ಅಕ್ಕ


ಫೆಬ್ರವರಿ 12

ಅಕ್ಕ,

ನಿನ್ನ ಕನಸನ್ನು ಇಲ್ಲಿ ಪ್ರಯೋಗಾಲಯದಲ್ಲಿ ಓದಿ ಹೇಳಿದೆ. ಟಾರ್ಚ್ ಬಿಟ್ಟೆ ಎಂದಿದ್ದಕ್ಕೆ ಎಲ್ಲರೂ ನನ್ನನ್ನು ಆಡಿಕೊಂಡರು. ಇಷ್ಟು ವರ್ಷದ ದುಡಿಮೆಯನ್ನು ಟಾರ್ಚ್ ಮಾಡಿಬಿಟ್ಟೆಯಲ್ಲೇ!

ಹೆದರಬೇಡ. ಆ ಉಪ್ಪು ನಿನ್ನ ಅಡುಗೆ ಉಪ್ಪಿನ ದೂರದ ದಾಯಾದಿ, ಅಷ್ಟೆ. ಒಮ್ಮೆ ಉರಿದ ಅಣು ಇಂಧನವನ್ನು ಅದರಲ್ಲಿ ಕರಗಿಸಿ, ಮತ್ತೆ ಬಳಸಬಹುದಾದ ಲೋಹವನ್ನು ಬೇರೆ ಮಾಡಿ ತೆಗೆಯುತ್ತೇವೆ. ಇನ್ನೆಷ್ಟು ಲೋಹ ಉಪ್ಪಿನಲ್ಲಿ ಉಳಿದಿದೆ ಎಂದು ತಿಳಿಯುವುದೇ ದೊಡ್ಡ ತಲೆನೋವು. ಭಾವ ದಪ್ಪ ಗಾಜಿನ ಹೊರಗೆ ನಿಂತು, ಮೇಲಿನಿಂದ ಇಳಿಬಿಟ್ಟ ಹಿಡಿಕೆಗಳಲ್ಲಿ ಕೈ ತೂರಿಸಿ, ಒಳಗಿರುವ ಕಬ್ಬಿಣದ ಕೈಗಳಿಂದ ಒಂದು ಕಡ್ಡಿಯನ್ನು ಉಪ್ಪಿನಲ್ಲಿ ಅದ್ದಿ ತೆಗೆಯುತ್ತಾರೆ. ಕಡ್ಡಿಗೆ ಅಂಟಿ ಗಟ್ಟಿಯಾದ ಉಪ್ಪಿನ ಚೂರು ಸಣ್ಣ ಬಾಟಲಿಯಲ್ಲಿ ಪರೀಕ್ಷೆಗೆ ಹೋಗುತ್ತದೆ. ಉತ್ತರ ಬರುವಷ್ಟರಲ್ಲಿ ಮಾರನೆಯ ದಿನ. ಅಷ್ಟು ಹೊತ್ತಿಗೆ ಕುಲುಮೆಯೊಳಗಿನ ಕತೆಯೇ ಬೇರೆಯಾಗಿರುತ್ತದೆ.

ನನ್ನ ಯಂತ್ರ ಕರಗಿದ ಉಪ್ಪಿನ ಮೇಲೆ ಲೇಸರ್‌ನಿಂದ ಒಂದು ಕಿಡಿ ಎಬ್ಬಿಸುತ್ತದೆ. ಒಂದೊಂದು ಧಾತುವಿನ ಕಿಡಿಗೂ ಅದರದೇ ಬಣ್ಣ. ಬಣ್ಣ ಓದಿದರೆ ಆ ಕ್ಷಣದ ಉತ್ತರ ಆ ಕ್ಷಣಕ್ಕೇ ಕೈಯಲ್ಲಿ. ಇಲ್ಲಿ ಕೂತೇ ನನ್ನ ಪರದೆಯ ಮೇಲೆ ನೋಡುತ್ತೇನೆ.

ಈಗ ಪರೀಕ್ಷೆಯ ಕಾಲ. ಯಂತ್ರ ಹೇಳುವುದೂ ಭಾವನ ಬಾಟಲಿ ಹೇಳುವುದೂ ಏಪ್ರಿಲ್‌ವರೆಗೆ ತಾಳೆಯಾಗಿ ಕೂಡಿ ಬಂದರೆ, ಆಮೇಲೆ ಯಾರೂ ಕಡ್ಡಿ ಅದ್ದಬೇಕಾಗಿಲ್ಲ. ಭಾವನೂ ಕುರ್ಚಿಯಲ್ಲಿ ಕೂತು ಪರದೆ ನೋಡಬಹುದು. ಆದರೆ ಈ ಮೊದಲ ವಾರಗಳಲ್ಲಿ ಬಾಟಲಿಗಳ ಲೆಕ್ಕ ಯಂತ್ರದ್ದಕ್ಕಿಂತ ಸ್ವಲ್ಪ ಆಚೀಚೆ ಬರುತ್ತಿದೆ. ಕಡ್ಡಿಯನ್ನು ಸರಿಯಾದ ಆಳಕ್ಕೆ ಇಳಿಸುತ್ತಿಲ್ಲವೇನೋ. ನಾನೇ ಹೇಳಿದರೆ ಬೇಜಾರು ಮಾಡಿಕೊಂಡಾರು, ನೀನೇ ಮೆಲ್ಲಗೆ ಹೇಳು.

ಎಡಗೈ ಬೈತಲೆಯ ಫೋಟೋ ಕಳಿಸು.

ನಿನ್ನ ಇರುವೆ


ಫೆಬ್ರವರಿ 27

ಪ್ರೀತಿಯ ಇರುವೆಗೆ,

ಮೆಲ್ಲಗೇ ಹೇಳಿದೆ. ಊಟಕ್ಕೆ ಕೂತಿದ್ದರು. ತುತ್ತು ಕೈಯಲ್ಲೇ ನಿಂತಿತು. "ಅವನೇ ಬರೆದಿದ್ದಾನಾ?" ಎಂದರು. ಹೌದೆಂದೆ. "ಯಂತ್ರ ತಪ್ಪು ಹೇಳಲ್ವಂತಾ?" ಎಂದರು. "ಅವನು ಓದಿದವನು, ತಪ್ಪು ಹೇಳೋ ಯಂತ್ರ ಯಾಕೆ ಮಾಡ್ತಾನೆ?" ಎಂದೆ. ನಕ್ಕರು. "ಹಾಗಾದ್ರೆ ಕೂಡಿ ಬರೋ ಹಾಗೆ ಮಾಡಿದರಾಯ್ತು ಬಿಡು" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೇಜಾರಾಗಿಲ್ಲ ಮಾರಾಯ.

ಫೋಟೋಗೆ ಅವರು ಒಪ್ಪಲಿಲ್ಲ. ಆ ಕುರ್ಚಿ ಯಾವಾಗ ಸಿಗುತ್ತದೆ, ಕೇಳಿ ಬರಿ. ಸುಮ್ಮನೆ ಕೇಳಿದ್ದಲ್ಲ.

ಅಕ್ಕ


ಮಾರ್ಚ್ 30

ಅಕ್ಕ, ಅಕ್ಕ, ಅಕ್ಕ!

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಭಾವನ ಕೈಗೆ ಚಿನ್ನದ ಕಡಗ ತೊಡಿಸಬೇಕು. ಈ ತಿಂಗಳ ಬಾಟಲಿಗಳೂ ಯಂತ್ರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕೂಡಿವೆ. ಪರದೆಯ ಮೇಲೆ ಗೆರೆ ದಾರ ಎಳೆದ ಹಾಗೆ ನೇರವಾಗಿ ಹೋಗುತ್ತಿದೆ. ನಮ್ಮ ಮುಖ್ಯಸ್ಥೆ, ಯಾವತ್ತೂ ಮುಗುಳ್ನಗದ ಹೆಂಗಸು, ನನ್ನ ಬೆನ್ನು ತಟ್ಟಿ, "ಇಷ್ಟು ಚೆಂದದ ಗೆರೆ ನಾನು ನೋಡಿರಲಿಲ್ಲ" ಎಂದರು. ಉಪ್ಪಿನಲ್ಲಿ ಲೋಹ ಉಳಿದಿಲ್ಲವೆಂದೇ ಎರಡೂ ಹೇಳುತ್ತಿವೆ. ಇದನ್ನೇ ನಂಬಿ ಈಗ ಉಪ್ಪನ್ನು ಡ್ರಮ್ಮುಗಳಿಗೆ ಬಸಿಯುತ್ತಿದ್ದಾರೆ. ಲೋಹ ತೆಗೆದಾದ ಮೇಲೆ ಉಳಿದದ್ದು ಕಸ ತಾನೆ. ಅದನ್ನು ಗಾಜಿನೊಡನೆ ಬೆರೆಸಿ, ಗಟ್ಟಿ ಮಾಡಿ, ನೆಲದಡಿಗೆ ಸೇರಿಸುತ್ತಾರೆ.

ಇನ್ನೊಂದು ತಿಂಗಳು. ಕುರ್ಚಿಗೆ ಯಾವ ಬಣ್ಣದ ದಿಂಬು ಬೇಕೆಂದು ಭಾವನನ್ನು ಕೇಳಿಡು.

ಇರುವೆ


ಏಪ್ರಿಲ್ 21

ತಮ್ಮನಿಗೆ,

ನಾವು ಚೆನ್ನಾಗಿದ್ದೇವೆ. ಬಿಸಿಲು ಹೆಚ್ಚಾಗಿದೆ. ನಲ್ಲಿ ಸೋರುತ್ತಿತ್ತು, ರಿಪೇರಿಯವನು ಬಂದು ಹೋದ.

ಒಂದು ವಿಷಯ ಕೇಳಬೇಕಿತ್ತು. ಆ ಉಪ್ಪಿನಿಂದ ತೆಗೆಯುವ ಲೋಹ ನೋಡಲು ಹೇಗಿರುತ್ತದೆ? ಹಿಟ್ಟಿನ ಡಬ್ಬದೊಳಗೆ ಇಟ್ಟರೆ ಹೊರಗಿನಿಂದ ಗೊತ್ತಾಗುತ್ತದೆಯೆ? ಮೈಗೆ ತಾಗಿದರೆ ಎಷ್ಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ?

ಸುಮ್ಮನೆ ಕೇಳಿದೆ. ನೀನು ಹೊಟ್ಟೆ ತುಂಬ ಊಟ ಮಾಡು. ಫೋನ್ ಮಾಡಬೇಡ, ನಮ್ಮದು ಕೆಟ್ಟಿದೆ.

ಅಕ್ಕ


ಏಪ್ರಿಲ್ 26

ಅಕ್ಕ,

ನಿನ್ನ ಪತ್ರ ಬಂದ ದಿನವೇ ಇಲ್ಲಿಗೂ ಸುದ್ದಿ ಬಂತು. ಅಲ್ಲಿ ದಾಸ್ತಾನು ತೂಕ ಹಾಕಿದ್ದಾರೆ. ಲೋಹ ಕಡಿಮೆ ಬಿದ್ದಿದೆ. ಚೂರುಪಾರು ಅಲ್ಲ, ತಲೆ ತಿರುಗುವಷ್ಟು. ಇದು ಕಬ್ಬಿಣದ ಅಂಗಡಿಯಲ್ಲಿ ಮೊಳೆ ಕಳೆದ ಹಾಗಲ್ಲ, ಅಕ್ಕ. ಇಂಥದ್ದು ಕಾಣೆಯಾದರೆ ಸರ್ಕಾರಗಳೇ ನಿದ್ದೆಗೆಡುತ್ತವೆ.

ಯಂತ್ರ ಸರಿ ಇದೆ. ಬಾಟಲಿಗಳೂ ಸರಿ ಇವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ. ಹಾಗಾದರೆ ಉಪ್ಪಿನಲ್ಲಿ ಲೋಹ ಇರಲಿಲ್ಲ, ಅದನ್ನು ಆಗಲೇ ತೆಗೆದಾಗಿತ್ತು. ತೆಗೆದದ್ದು ಎಲ್ಲಿ ಹೋಯಿತು?

ಆ ಕಬ್ಬಿಣದ ಕೈಗಳ ಬಳಿ ದಿನವೂ ನಿಲ್ಲುವವರು ಬೆರಳೆಣಿಕೆಯ ಜನ. ಭಾವನನ್ನು ಹುಡುಕಿಕೊಂಡು ಗುರುತಿಲ್ಲದವರು ಯಾರಾದರೂ ಬಂದಿದ್ದರೆ? ಸಾಲ, ಬೆದರಿಕೆ, ಏನಾದರೂ? ನಿನಗೆ ಗೊತ್ತಿದ್ದರೆ ಮುಚ್ಚಿಡಬೇಡ.

ಹಿಟ್ಟಿನ ಡಬ್ಬದ ಮಾತು ಯಾಕೆ ಬಂತು? ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಂಥದ್ದೇನಾದರೂ ಮನೆಯಲ್ಲಿದ್ದರೆ ಮುಟ್ಟಬೇಡ. ಹೊರಗೆ ಬಂದು ಬಾಗಿಲು ಹಾಕಿಕೋ. ನನಗೆ ಹೇಳುವ ಮೊದಲು ಕಾರ್ಖಾನೆಯ ಅಧಿಕಾರಿಗಳಿಗೆ ಹೇಳು.

ನಿನ್ನ ತಮ್ಮ


ಮೇ 3

ತಮ್ಮನಿಗೆ,

ಹಿಟ್ಟಿನ ಡಬ್ಬಕ್ಕೇ ಮೊದಲು ಉತ್ತರ ಕೊಡುತ್ತೇನೆ.

ನಾನು ಆ ಪತ್ರ ಬರೆಯುವ ಎರಡು ದಿನ ಮುಂಚೆ ನಮ್ಮ ಮನೆ ಶೋಧಿಸಿದರು. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಬಾಗಿಲಲ್ಲಿ ಏಳೆಂಟು ಜನ, ಬಿಳಿ ಕವಚ, ಕಾಲಿಗೂ ಚೀಲ. ಒಬ್ಬ ಅಧಿಕಾರಿಣಿ ಕೈಯಲ್ಲಿ ಮೀಟರ್ ಹಿಡಿದು, "ಅಮ್ಮಾ, ಅದನ್ನ ಅಲ್ಲೇ ಇಟ್ಟು ಹಿಂದೆ ಸರೀರಿ" ಎಂದರು. ಯಾವುದನ್ನು ಎಂದು ನನಗೆ ತಿಳಿಯಲಿಲ್ಲ. ಕೈಯಲ್ಲಿದ್ದದ್ದು ಜರಡಿ. ಇಟ್ಟೆ. ಮೀಟರನ್ನು ಹಿಟ್ಟಿನ ಡಬ್ಬದೊಳಗೆ ಇಳಿಸಿದರು, ಹಾಸಿಗೆ ತಿರುವಿ ಹಾಕಿದರು, ಒಗೆಯಲು ನೆನೆಸಿದ್ದ ಬಟ್ಟೆಯನ್ನೂ ಬಿಡಲಿಲ್ಲ. ಮಲಗುವ ಕೋಣೆಯಲ್ಲಿ ಮೀಟರ್ ಟರ್ ಎಂದು ಒದರಿಕೊಂಡಿತು. ಎಲ್ಲರೂ ಕಲ್ಲಾದರು. ದೇವರಾಣೆ, ಆ ಗಳಿಗೆ ನಾನೂ ನಿನ್ನ ಭಾವನ ಮುಖವನ್ನು ಅನುಮಾನದಿಂದ ನೋಡಿದೆ. ನೋಡಿದರೆ ನಮ್ಮ ಅಪ್ಪನ ಅಲಾರಾಂ ಗಡಿಯಾರ. "ಹಳೇ ಕಾಲದ್ದು, ಕತ್ತಲಲ್ಲಿ ಹೊಳೀಲಿ ಅಂತ ಮುಳ್ಳಿಗೆ ಬಣ್ಣ ಹಚ್ಚಿದ್ದಾರೆ, ಅದಕ್ಕೇ" ಎಂದು ಆಕೆ ಚೀಲಕ್ಕೆ ಹಾಕಿಕೊಂಡರು. ಅಷ್ಟು ವರ್ಷ ಅದನ್ನು ತಲೆದೆಸೆಯಲ್ಲಿಟ್ಟು ಮಲಗಿದ್ದೇವೆ! ಫೋನುಗಳನ್ನೂ ಒಯ್ದರು. ಭಾವನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಎದುರುಮನೆ ನರ್ಸಮ್ಮ ಈಗ ನನ್ನನ್ನು ಕಂಡರೆ ಕರ್ಚೀಫು ಮೂಗಿಗೆ ಒತ್ತಿಕೊಳ್ಳುತ್ತಾಳೆ. ನೀನು ಗಾಬರಿಯಾಗುತ್ತೀಯೆಂದು ಇದಾವುದನ್ನೂ ಬರೆದಿರಲಿಲ್ಲ.

ಇನ್ನು ನಿನ್ನ ಪತ್ರ. ಅದನ್ನು ನಿನ್ನ ಭಾವನಿಗೆ ಓದಿ ಹೇಳುತ್ತಿದ್ದೆ. ಸಾಲ, ಬೆದರಿಕೆ ಎಂಬಲ್ಲಿ ಹಾರಿಸಿ ಮುಂದಕ್ಕೆ ಹೋದೆ. "ಎಲ್ಲಿ, ಕೊಡಿಲ್ಲಿ" ಎಂದು ಎಡಗೈ ಚಾಚಿ ಕಸಿದುಕೊಂಡು ತಾವೇ ಓದಿದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತರು. ನಾನು ಬಾಗಿಲು ಬಡಿದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ. ತಗೊಂಡಿದ್ದೀರಾ?" ಎಂದು ಕೇಳಿಯೇಬಿಟ್ಟೆ. ಬಾಗಿಲು ತೆಗೆದರು.

"ತಗೊಂಡಿಲ್ಲ ಕಣೆ. ಅದ್ದಿಲ್ಲ" ಎಂದರು.

ಅವರ ಬಲಭುಜ ಸತ್ತಿದೆ, ತಮ್ಮ. ಹೋದ ವರ್ಷದಿಂದ. ಆ ಹಿಡಿಕೆಗಳಲ್ಲಿ ಕೈ ಮೇಲೆತ್ತಿ ನಿಂತೂ ನಿಂತೂ ಕೀಲು ಹಿಡಿದು, ಈಗ ಕಿವಿಯ ಮಟ್ಟಕ್ಕೂ ಏಳುವುದಿಲ್ಲ. ಗೊತ್ತಾದರೆ ಆ ಕೆಲಸದಿಂದ ತೆಗೆಯುತ್ತಾರೆ, ಈ ಮನೆಯೂ ಹೋಗುತ್ತದೆ, ಯಾರಿಗೂ ಹೇಳಬೇಡವೆಂದಿದ್ದರು. ನಿನಗೂ ಹೇಳಲಿಲ್ಲ, ಬೈತಲೆ ಎಂದು ನಗಾಡಿದೆ. ನಿನ್ನ ಕುರ್ಚಿಯ ಮಾತು ಬಂದಾಗ ಇಬ್ಬರಿಗೂ ಹೋದ ಜೀವ ಬಂದಂತಾಗಿತ್ತು.

ಮಾರ್ಚ್ ಮೊದಲಿನಲ್ಲಿ ಒಂದು ದಿನ ಅವರ ಬಾಟಲಿಯೂ ನಿನ್ನ ಯಂತ್ರವೂ ಒಂದೇ ಹೇಳಿದವಂತೆ. ಆ ದಿನ ಕಡ್ಡಿಗೆ ದೊಡ್ಡ ಗಟ್ಟಿಯೇ ಅಂಟಿ ಬಂದಿತ್ತು, ಬಾಟಲಿಗೆ ಒಂದು ಚೂರು ಹಾಕಿ ಉಳಿದದ್ದನ್ನು ಅಲ್ಲೇ ಒಳಗೆ, ಉಪ್ಪು ಹಾಕುವ ಖಾಲಿ ಲೋಟವೊಂದನ್ನು ಮಗುಚಿ ಅದರಡಿ ಬಿಟ್ಟಿದ್ದರು. ಮಾರನೆಯ ದಿನ ಕೈ ಏಳಲಿಲ್ಲ. ಆ ಗಟ್ಟಿಯಿಂದಲೇ ಇನ್ನೊಂದು ಚೂರು ಮುರಿದು ಕಳಿಸಿದರು. ಅದೂ ನಿನ್ನ ಯಂತ್ರಕ್ಕೆ ಕೂಡಿ ಬಂತು. "ನನ್ನ ಕೈಗೂ ವಿಶ್ರಾಂತಿ, ಅವನ ಯಂತ್ರಕ್ಕೂ ಒಳ್ಳೇದು, ಉಪ್ಪೂ ಅದೇ ಉಪ್ಪು ತಾನೆ ಅಂದುಕೊಂಡೆ" ಎನ್ನುತ್ತಾರೆ. ಆಮೇಲೆ ಕಡ್ಡಿ ಅದ್ದಲೇ ಇಲ್ಲ. ತಿಂಗಳೆಲ್ಲ ಅದೇ ಗಟ್ಟಿಯ ಚೂರು. ನೀನು ಚಿನ್ನದ ಕಡಗವೆಂದೆಯಲ್ಲ, ಆ ಪತ್ರ ಓದಿದ ದಿನ ಅವರು ಊಟ ಮಾಡಿರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದಿದ್ದರು.

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ? ಕಳ್ಳ ಅನ್ನಿಸ್ಕೊಂಡು ಕೂತಿದ್ದೀರಲ್ಲ!" ಎಂದೆ.

"ಹೇಳಿದ್ರೆ ಅವನ ಯಂತ್ರ ಮುಳುಗುತ್ತೆ. ನೀನೇ ಅಲ್ವಾ ಅಂದಿದ್ದು, ನೋಡಿಕೊಳ್ಳಿ ಅಂತ?"

"ಈಗ ಬರೆಯಲಾ?" ಎಂದೆ. "ಎಲ್ಲಾ ಬರಿ. ಒಂದನ್ನೂ ಹಾರಿಸಬೇಡ" ಎಂದರು. ಹಾರಿಸಿಲ್ಲ.

ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಇವರು ಕಳಿಸಿದ್ದು ಹಳೆಯ ಉಪ್ಪು, ಸರಿ. ಒಳಗಿನ ಉಪ್ಪು ಬದಲಾಗಿದ್ದರೆ ನಿನ್ನ ಯಂತ್ರ ಬೇರೆಯೇ ಹೇಳಬೇಕಿತ್ತಲ್ಲ? ಅದ್ಯಾಕೆ ಇವರ ಸುಳ್ಳಿಗೆ ಹೂಂಗುಟ್ಟಿತು?

ಅಕ್ಕ


ಮೇ 11

ಅಕ್ಕ,

ನಿನ್ನ ಕೊನೆಯ ಪ್ರಶ್ನೆ ಓದಿದೆ. ಪತ್ರವನ್ನು ಹಾಗೇ ತೆಗೆದುಕೊಂಡು ಹೋಗಿ ಮುಖ್ಯಸ್ಥೆಯ ಮುಂದಿಟ್ಟೆ. ಆವತ್ತೇ ನಿಮ್ಮೂರಿಗೆ ಹೊರಟೆವು.

ನಾನು ಅಲ್ಲೇ ಇದ್ದೆ ಅಕ್ಕ. ನಿಮ್ಮ ಹಿಂದಿನ ಬೀದಿಯ ಅತಿಥಿಗೃಹದಲ್ಲಿ. ನೀನು ಒಣಹಾಕಿದ ಸೀರೆ ಕಿಟಕಿಯಿಂದ ಕಾಣಿಸುತ್ತಿತ್ತು. ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ಭೇಟಿಯಾಗುವುದಿಲ್ಲವೆಂದು ಅಧಿಕಾರಿಗಳು ಸಹಿ ಹಾಕಿಸಿಕೊಂಡಿದ್ದಾರೆ. ಪತ್ರ ಬರೆಯಬಹುದು, ಆದರೆ ಹೋಗುವುದನ್ನೂ ಬರುವುದನ್ನೂ ಅವರು ಮೊದಲು ಓದುತ್ತಾರೆ. ಇದನ್ನೂ ಓದಿದ್ದಾರೆ.

ಲೇಸರ್ ಇಳಿಯುವ ಕೊಳವೆಯನ್ನು ಮೇಲಕ್ಕೆ ಎಳೆಸಿದೆ. ಕೊಳವೆಯ ಬಾಯಿಗೆ ಉಪ್ಪು ಹೆಪ್ಪುಗಟ್ಟಿತ್ತು. ಕೆಳಗಿನಿಂದ ಎದ್ದ ಆವಿ ತಣ್ಣಗಾಗಿ ಪದರ ಪದರವಾಗಿ ಕೂತು ಬಾಯಿಯನ್ನೇ ಮುಚ್ಚಿಬಿಟ್ಟಿತ್ತು. ನಡುವೆ ನನ್ನ ಲೇಸರ್ ಕೊರೆದ ಸಣ್ಣ ಗುಳಿ. ನನ್ನ ಯಂತ್ರ ಮಾರ್ಚ್‌ನಿಂದ ಕರಗಿದ ಉಪ್ಪನ್ನು ನೋಡಿಯೇ ಇಲ್ಲ. ಅಂಟಿಕೊಂಡ ಅದೇ ಹಳೆಯ ಹೆಪ್ಪಿನ ಮೇಲೆ ಕಿಡಿ ಹೊಡೆದು, ಅದರದೇ ಬಣ್ಣ ಓದಿ, ಈ ಕ್ಷಣದ ಸುದ್ದಿಯೆಂದು ಸಾರುತ್ತಿತ್ತು. ಭಾವ ಕಳಿಸುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ದಿನಗಳ ಉಪ್ಪು. ಒಂದು ಹಳೆಯ ಉಪ್ಪು ಇನ್ನೊಂದಕ್ಕೆ ಸಾಕ್ಷಿ ಹೇಳಿತು. ಅಷ್ಟು ನೇರವಾದ ಗೆರೆ ಕಂಡಾಗಲೇ ನನಗೆ ಭಯವಾಗಬೇಕಿತ್ತು. ಕುದಿಯುವ ಕುಲುಮೆಯ ಗೆರೆ ಎಂದಾದರೂ ಅಷ್ಟು ಸುಮ್ಮನಿರುತ್ತದೆಯೇ? ನಾನು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ.

ಮೊದಲ ವಾರಗಳಲ್ಲಿ ಆಚೀಚೆ ಬರುತ್ತಿದ್ದದ್ದು ಭಾವನ ತಪ್ಪೋ ನನ್ನ ಯಂತ್ರದ್ದೋ, ಈಗ ನನಗೇ ಗೊತ್ತಿಲ್ಲ. ಅದನ್ನೂ ವರದಿಯಲ್ಲಿ ಬರೆದಿದ್ದೇನೆ.

ನಾವಿಬ್ಬರೂ ಖಾಲಿ ಎಂದ ಉಪ್ಪು ಖಾಲಿಯಾಗಿರಲಿಲ್ಲ. ಲೋಹವೆಲ್ಲ ಅದರಲ್ಲೇ ಡ್ರಮ್ಮು ಸೇರಿ, ಗಾಜಿನೊಳಗೆ ಗಟ್ಟಿಯಾಗಿ, ನೆಲದಡಿಗೆ ಹೋಗಿರಬೇಕು. ನಾನು ಹೀಗೆ ಹೇಳುತ್ತೇನೆ. ಅವರು ಏನೆನ್ನುತ್ತಾರೆ ಗೊತ್ತೇ? "ನಿಮ್ಮ ಯಂತ್ರ ಕೆಟ್ಟಿದ್ದು ನಿಜ, ಕಣ್ಣಾರೆ ಕಂಡೆವು. ಆದರೆ ನಿಮ್ಮ ಭಾವ ಅದನ್ನು ತಿಳಿದೇ ಲೋಹ ಸಾಗಿಸಿರಬಹುದಲ್ಲ? ಸುಳ್ಳು ಚೂರು ಕಳಿಸಿದ್ದು ಅದನ್ನು ಮುಚ್ಚಲಿಕ್ಕೇ ಇರಬಹುದಲ್ಲ?" ನೆಲದಡಿಯ ಡ್ರಮ್ಮು ಮತ್ತೆ ತೆಗೆಯುವುದು ಸಣ್ಣ ಕೆಲಸವಲ್ಲ. ಬರೀ ಬಾಯಿಮಾತಿಗೆ ತೆಗೆಯುವುದಿಲ್ಲ.

ಆ ಗಟ್ಟಿಯ ಉಳಿದ ಭಾಗ ಸಿಕ್ಕರೆ ಬಾಟಲಿಗಳ ಚೂರಿನೊಡನೆ ಹೋಲಿಸಬಹುದು, ಭಾವನ ಮಾತಿಗೆ ಆಧಾರ ಸಿಗುತ್ತದೆ, ಡ್ರಮ್ಮು ತೆಗೆಸಲು ಒಪ್ಪುತ್ತಾರೆ. ಅದು ಸಿಗಲಿಲ್ಲ. ಭಾವ ಹೇಳಿಕೆಯಲ್ಲಿ "ಕುಲುಮೆಯ ಎಡಕ್ಕೆ, ಮಗುಚಿಟ್ಟ ಲೋಟದ ಅಡಿಯಲ್ಲಿ" ಎಂದಿದ್ದಾರೆ. ಅವರು ನಿಲ್ಲುತ್ತಿದ್ದ ಕಿಟಕಿಗೆ ಮೊಹರು ಹಾಕಿರುವುದರಿಂದ, ನನ್ನ ಯಂತ್ರ ಕೂರಿಸಿದ ಎದುರು ಗೋಡೆಯ ಕಿಟಕಿಯಿಂದ ನೋಡಿ, ಎಡಗಡೆಯ ಲೋಟಗಳನ್ನೆಲ್ಲ ಒಂದೊಂದಾಗಿ ಎತ್ತಿಸಿದೆವು. ಅಡಿಯಲ್ಲಿ ಏನೂ ಇರಲಿಲ್ಲ. ಅಧಿಕಾರಿಣಿ ನನ್ನ ಮುಖ ನೋಡಿದರು.

ಹುಡುಕಾಟ ಮುಗಿಯಿತೆಂದು ಶುಕ್ರವಾರ ಬರೆದುಕೊಡುತ್ತಾರೆ. ಭಾವನನ್ನು ಅನುಮಾನಿಸಿ ಬರೆದ ಆ ಪತ್ರವನ್ನು ದಯವಿಟ್ಟು ಹರಿದು ಹಾಕು.

ನಿನ್ನ ತಮ್ಮ


ಮೇ 13

ತಮ್ಮನಿಗೆ, ಮತ್ತು ಇದನ್ನು ಮೊದಲು ಓದುವ ಅಧಿಕಾರಿಗಳಿಗೆ ನಮಸ್ಕಾರ,

ಪತ್ರ ಹರಿದಿಲ್ಲ, ಹರಿಯುವುದೂ ಇಲ್ಲ. ಅನುಮಾನ ನಾನೂ ಪಟ್ಟೆ, ಬಚ್ಚಲ ಬಾಗಿಲಲ್ಲಿ ನಿಂತು. ನಿನಗೊಂದು ನ್ಯಾಯ ನನಗೊಂದು ನ್ಯಾಯವೇ? ನೀನು ಹಿಂದಿನ ಬೀದಿಯಲ್ಲಿದ್ದೆ ಎಂದು ಓದಿ, ಮಹಡಿ ಹತ್ತಿ ಆ ಅತಿಥಿಗೃಹದ ಕಿಟಕಿಗಳನ್ನೆಲ್ಲ ನೋಡಿ ಬಂದೆ. ಎಲ್ಲ ಮುಚ್ಚಿದ್ದವು.

"ಸಿಗಲಿಲ್ಲವಂತೆ" ಎಂದು ಇವರಿಗೆ ಹೇಳಿದಾಗ ಮೇಜಿನ ಆಚೆ ಕೂತಿದ್ದರು. ಮುಖ ಸುಣ್ಣದಂತಾಯಿತು. "ಇಲ್ಲೇ ಇಟ್ಟಿದ್ದೆ ಕಣೆ! ಇಲ್ಲೇ!" ಎಂದು ಚೆಂಬನ್ನು ಕುಲುಮೆ ಮಾಡಿ, ಪಕ್ಕದಲ್ಲಿ ಒಂದು ಲೋಟ ಬೋರಲು ಹಾಕಿ ತೋರಿಸಿದರು. "ಎಡಕ್ಕೆ. ಎಡಗೈಗೆ ಸಿಗೋ ಕಡೆ." ನಾನು ಅವರೆದುರು ಕೂತಿದ್ದೆ. ಆ ಲೋಟ ನನ್ನ ಬಲಗೈ ಪಕ್ಕಕ್ಕಿತ್ತು.

ಎದ್ದು ಅವರ ಹಿಂದೆ ಹೋಗಿ ನಿಂತು ನೋಡಿದೆ. ಎಡಕ್ಕಿತ್ತು. ಮತ್ತೆ ಬಂದು ನನ್ನ ಜಾಗದಲ್ಲಿ ನಿಂತೆ. ಬಲಕ್ಕಿತ್ತು. ನಾಲ್ಕಾರು ಸಲ ಸುತ್ತಿದೆ. "ತಲೆ ಕೆಟ್ಟಿದ್ಯಾ?" ಎಂದರು. ನನ್ನ ಸಂಶಯ ಹೇಳಿದೆ. "ಏ, ಅಷ್ಟು ಜನ ದೊಡ್ಡವರು, ಅಷ್ಟೂ ನೋಡ್ಕೊಳ್ಳದೆ ಇರ್ತಾರಾ? ಬರೆದು ನಗೆಪಾಟಲಾಗಬೇಡ" ಎಂದರು. ಇರಬಹುದು. ನೀವೆಲ್ಲ ಆಗಲೇ ಎರಡೂ ಕಡೆ ನೋಡಿರಬಹುದು, ನಾನು ಸುಮ್ಮನೆ ನಿಮ್ಮ ಹೊತ್ತು ಹಾಳು ಮಾಡುತ್ತಿರಬಹುದು. ಆ ಕಡೆಯೂ ಬರಿದಾಗಿದ್ದರೆ ನಾನು ಏನು ನಂಬಬೇಕೋ ನನಗೆ ಗೊತ್ತಿಲ್ಲ. ಆದರೂ ಕೇಳದೆ ಶುಕ್ರವಾರದವರೆಗೆ ಕಾಯಲು ನನ್ನಿಂದಾಗದು. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ನಾನೇ ತಂದು ಕಾರ್ಖಾನೆ ಬಾಗಿಲಿನ ಕಾವಲಿನವರ ಕೈಗೆ ಕೊಡುತ್ತಿದ್ದೇನೆ.

ನೀವು ನೋಡಿದ್ದು ಎದುರು ಗೋಡೆಯ ಕಿಟಕಿಯಿಂದ. ಇವರು ಹೇಳಿದ್ದು ತಾವು ನಿಲ್ಲುತ್ತಿದ್ದ ಕಿಟಕಿಯಿಂದ. ನಿಮ್ಮ ಕಿಟಕಿಯಲ್ಲಿ ನಿಂತರೆ ಕುಲುಮೆಯ ಬಲಕ್ಕೆ ಬರುವ ಲೋಟಗಳನ್ನು ಎತ್ತಿಸಿದ್ದೀರೋ ಇಲ್ಲವೋ, ಅದೊಂದನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಅಕ್ಕ